ಆಚೆಯ ರೇಡಿಯೊ ಕೇಳುವ ಕೆಲಸ

ಹೆಣ್ಣು ನೋಡಲು ಹೋದ ದಿನ ಹುಡುಗಿಯ ತಂದೆ ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ.

"ಬಹ್ರೈನಿನಲ್ಲಿ ಕೆಲಸ ಎಂತದ್ದು?"

"ರೇಡಿಯೊ ಕೇಳುವುದು."

"ಕೇಳುವುದಾ, ರಿಪೇರಿ ಮಾಡುವುದಾ?"

"ಕೇಳುವುದು."

ಅವರಿಗೆ ಮಂಗಳೂರು ಬಂದರಿನಲ್ಲಿ ಒಣಮೀನಿನ ವ್ಯಾಪಾರ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನನ್ನ ಅಂಗಡಿಯಲ್ಲಿ ಕೆಲಸದವರು ಇಡೀ ದಿನ ರೇಡಿಯೊವೇ ಕೇಳುವುದು. ಅದಕ್ಕೆ ಗಲ್ಫಿನಲ್ಲಿ ಸಂಬಳ ಕೊಡ್ತಾರೆ ಅಂತ ಗೊತ್ತಿದ್ದರೆ ಅವರನ್ನೇ ಹತ್ತಿಸಿ ಕಳಿಸ್ತಿದ್ದೆನಲ್ಲ" ಎಂದರು. ಯಾವ ದೇಶದ ರೇಡಿಯೊ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಜಮೀಲಾ ಇಂದು ನನ್ನ ಚಹಾದ ಸಕ್ಕರೆಗೆ ಕತ್ತರಿ ಹಾಕುತ್ತಾ ಈ ಮನೆಯಲ್ಲಿ ಇರುತ್ತಿರಲಿಲ್ಲ.

ನಾನು ಕೇಳುತ್ತಿದ್ದುದು ಇಸ್ರೇಲಿನ ರೇಡಿಯೊ.

ಈಗ ಸುದ್ದಿ ಗಮನಿಸುವ ಕಂಪೆನಿಗಳಿಗೆ ಸೇರುವ ಹುಡುಗ ಹುಡುಗಿಯರು ಎದುರಿಗೆ ನಾಲ್ಕು ಪರದೆ ಇಟ್ಟುಕೊಂಡು ಕೂರುತ್ತಾರಂತೆ. ನಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ನನ್ನ ತಂಗಿಯ ಮಗಳು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ ಇತ್ಯಾದಿ ಏನೂ ಇದರಲ್ಲಿ ಇಲ್ಲ. ಬಡ್ತಿ ಸಿಗಲಿಲ್ಲ ಎಂಬುದೂ ಅದಕ್ಕೊಂದು ಕಾರಣ.

ಎಪ್ಪತ್ತರ ದಶಕದ ನಡುವಿನಲ್ಲಿ ಬೇರೂತ್ ಹೊತ್ತಿ ಉರಿಯತೊಡಗಿದ ಮೇಲೆ ಅಲ್ಲಿದ್ದ ಬ್ಯಾಂಕುಗಳೆಲ್ಲ ಒಂದೊಂದಾಗಿ ಬಹ್ರೈನಿನ ರಾಜಧಾನಿ ಮನಾಮಕ್ಕೆ ಬಂದವು. ಆ ಕಡೆ ಯಾರು ಕೆಮ್ಮಿದರೂ ಇಲ್ಲಿ ಚಿನ್ನದ ಬೆಲೆ ಏರುತ್ತಿದ್ದ ಕಾಲ. ಬ್ಯಾಂಕು ಬಾಗಿಲು ತೆರೆಯುವ ಮೊದಲೇ ಮ್ಯಾನೇಜರುಗಳ ಮೇಜಿನ ಮೇಲೆ ಇರಬೇಕು ಎಂದು ನಮ್ಮ ಕಚೇರಿ ಇಂಗ್ಲಿಷಿನಲ್ಲಿ ಒಂದು ಸುದ್ದಿಹಾಳೆ ಹೊರಡಿಸುತ್ತಿತ್ತು. ಅರಬ್ ರಾಜಧಾನಿಗಳು ಏನು ಹೇಳುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎದುರಿನವರು ಏನು ಹೇಳುತ್ತಾರೆ ಎಂಬುದೇ ನಮ್ಮ ಹಾಳೆಯ ಬಂಡವಾಳ. ಆ ದೇಶಕ್ಕೆ ನಮ್ಮಲ್ಲಿಂದ ಅಂಚೆ ಇಲ್ಲ, ಫೋನ್ ಇಲ್ಲ. ಅಂಗಡಿಯಲ್ಲಿ ಸಿಗುವ ಭೂಪಟದಲ್ಲಿ ಅದರ ಮೇಲೆ ಕಪ್ಪು ಶಾಯಿ. ಗಾಳಿಗೆ ಮಾತ್ರ ಯಾರೂ ಶಾಯಿ ಬಳಿದಿರಲಿಲ್ಲ. ಹಾಗಾಗಿ ಉಳ್ಳಾಲದ ಬ್ಯಾರಿ ಹುಡುಗನೊಬ್ಬ, ಹಂಪನಕಟ್ಟೆಯಲ್ಲಿ ಕಲಿತ ಶಾರ್ಟ್‌ಹ್ಯಾಂಡನ್ನು ನಂಬಿಕೊಂಡು, ಜೆರುಸಲೇಮಿನ ಇಂಗ್ಲಿಷ್ ವಾರ್ತೆ ಬರೆದುಕೊಳ್ಳಲು ಕುಳಿತ.

ನಾವು ಮೂವರು. ನಾನು ಕೇಳುವವನು. ಉಡುಪಿಯ ಸೀತಾರಾಮ ಭಟ್ಟರು ಟೈಪ್ ಮಾಡಿ, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ, ಮೈಯೆಲ್ಲ ಮಸಿ ಮಾಡಿಕೊಳ್ಳುವವರು. ನಮ್ಮಿಬ್ಬರ ಮೇಲೆ ಸಂಪಾದಕರು, ಉಸ್ತಾದ್ ನಬೀಲ್.

ಉಸ್ತಾದ್ ನಬೀಲರ ಊರು ಹೈಫಾ, ಈಗ ಇಸ್ರೇಲಿನಲ್ಲಿರುವ ಬಂದರು. ಅವರ ಬಗ್ಗೆ ಒಂದು ವಿಷಯ ನನಗೆ ಗೊತ್ತಾದದ್ದು ತುಂಬ ತಡವಾಗಿ. ಓದುವವರು ಅಷ್ಟು ಕಾಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ನಲವತ್ತೆಂಟರ ಯುದ್ಧದಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅವರು ಅಪ್ಪನ ಕೈ ಹಿಡಿದು ಊರು ಬಿಟ್ಟರು. ಕಾಯಿಲೆಯ ಅಜ್ಜಿಯನ್ನು ನೋಡಿಕೊಳ್ಳಲು ತಾಯಿ ಅಲ್ಲೇ ನಿಂತರು. ಕೆಲವು ದಿನದಲ್ಲಿ ಬರುತ್ತೇವೆ ಎಂದು ಹೊರಟವರಿಗೆ ಹಿಂದೆ ಗಡಿ ಮುಚ್ಚಿತು. ತಾಯಿ ಆಚೆ, ಮಗ ಈಚೆ. ಅಂಥ ಮನುಷ್ಯನ ಹೊಟ್ಟೆಪಾಡು ಆಚೆಯವರ ರೇಡಿಯೊದಿಂದ ನಡೆಯಬೇಕಾಗಿ ಬಂದದ್ದು ವಿಧಿಯ ಕುಚೋದ್ಯ ಎಂದೇ ನನಗೆ ಈಗಲೂ ಅನಿಸುತ್ತದೆ.

ಅವರು ಒಂದು ಸಿಗರೇಟಿನ ತುದಿಯಿಂದ ಇನ್ನೊಂದನ್ನು ಹೊತ್ತಿಸುವವರು. ಬೆಳಗಿನ ತಿಂಡಿಗೆ ಬೇಯಿಸಿದ ಮೊಟ್ಟೆ, ಅದರ ಮೇಲೆ ಸಕ್ಕರೆ. ಮೊದಲ ದಿನ ಇದನ್ನು ನೋಡಿದ ಭಟ್ಟರು ನನ್ನ ಕಿವಿಯಲ್ಲಿ, "ಹಮೀದರೇ, ಮೊಟ್ಟೆ ತಿನ್ನುವುದೇ ಪಾಪ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಇದು ಅದಕ್ಕಿಂತ ದೊಡ್ಡದು ಮಾರಾಯ್ರೆ" ಎಂದರು.

ಉಸ್ತಾದರ ಒಂದು ಕಟ್ಟುನಿಟ್ಟು: ಆ ದೇಶದ ಹೆಸರು ಹಾಳೆಯಲ್ಲಿ ಬರಕೂಡದು. 'ಆಚೆ' ಎಂಬ ಅರ್ಥದ ಎರಡು ಇಂಗ್ಲಿಷ್ ಪದ ಸಾಕು. ಆಚೆಯ ಪ್ರಧಾನಿ, ಆಚೆಯ ಸಂಸತ್ತು, ಆಚೆಯ ಕಿತ್ತಳೆ ಬೆಳೆ. ಭಟ್ಟರ ಬೆರಳಿಗೆ ಇದು ಎಷ್ಟು ಅಭ್ಯಾಸವಾಯಿತೆಂದರೆ, ಒಮ್ಮೆ ಕ್ರಿಸ್ಮಸ್ಸಿಗೆ ಇಗರ್ಜಿಯಿಂದ ಬಂದ ಪ್ರಕಟಣೆಯಲ್ಲಿ ಇದ್ದ 'ಇಸ್ರೇಲಿನ ಅರಸ' ಎಂಬುದನ್ನು 'ಆಚೆಯ ಅರಸ' ಎಂದು ಟೈಪ್ ಮಾಡಿ ಹಂಚಿಬಿಟ್ಟರು. ಪಾದ್ರಿಗಳು ಫೋನ್ ಮಾಡಿ, ಏಸುಕ್ರಿಸ್ತರು ಯಾವುದರ ಆಚೆ ಎಂದು ವಿನಯದಿಂದ ವಿಚಾರಿಸಿದರು.

ಯಂತ್ರ ಎಷ್ಟು ಒಳ್ಳೆಯದಿದ್ದರೂ ಈ ಕೆಲಸದ ಜೀವ ಇದ್ದುದು ತಂತಿಯಲ್ಲಿ. ಹಳೆ ಮನಾಮದ ಆ ಕಟ್ಟಡದ ತಾರಸಿಯಲ್ಲಿ ನೀರಿನ ಟ್ಯಾಂಕಿನಿಂದ ಕಂಬದವರೆಗೆ ನಾವೊಂದು ಏರಿಯಲ್ ಎಳೆದಿದ್ದೆವು. ಮೇಲಿನ ಮಹಡಿಯ ಈಜಿಪ್ಟಿನ ಹೆಂಗಸು ಅದನ್ನು ಬಟ್ಟೆ ಒಣಗಿಸಲು ದೇವರೇ ಕಟ್ಟಿಸಿಕೊಟ್ಟ ಹಗ್ಗ ಎಂದು ತಿಳಿದಿದ್ದಳು. ಅವಳು ಒದ್ದೆ ಬಟ್ಟೆ ಹರವಿದಂತೆ ಕೆಳಗೆ ಆಚೆಯ ಸಚಿವ ಸಂಪುಟದ ದನಿ ಕುಗ್ಗುತ್ತಿತ್ತು. ಭಟ್ಟರು ಮೆಟ್ಟಿಲು ಹತ್ತಿ ಬಟ್ಟೆ ತೆಗೆಯುತ್ತಿದ್ದರು. 'ಈ ಇಂಡಿಯಾದವನು ನನ್ನ ಬಟ್ಟೆಯ ಹಿಂದೆ ಬಿದ್ದಿದ್ದಾನೆ' ಎಂದು ಅವಳು ಕೇರಿಗೆಲ್ಲ ಸಾರುತ್ತಿದ್ದಳು. ಒಮ್ಮೆ ಹಾಳೆಯಲ್ಲಿ, 'ಆಚೆಯ ಸಚಿವರೊಬ್ಬರು ರಾಜೀನಾಮೆ ನೀಡಿದ್ದಾರೆ' ಎಂದಷ್ಟೇ ಬರೆದೆ.

"ಯಾವ ಸಚಿವ?" ಉಸ್ತಾದರು ಗುಡುಗಿದರು.

"ಹೆಸರು ಹೇಳುವಷ್ಟರಲ್ಲಿ ಬೆಡ್‌ಶೀಟ್ ಬಂತು, ಉಸ್ತಾದ್."

ಸೇರಿದ ಹೊಸತರಲ್ಲಿ ಆದ ಫಜೀತಿಯನ್ನು ಇಲ್ಲಿ ಹೇಳಲೇಬೇಕು. ಉಸ್ತಾದರು ಯಾರದೋ ಮದುವೆಗೆ ಕುವೈತಿಗೆ ಹೋಗಿದ್ದರು. ಬೆಳಿಗ್ಗೆ ಯಂತ್ರ ಹಾಕಿದರೆ ಆಚೆಯ ರೇಡಿಯೊ ಇಲ್ಲ. ಇಂಗ್ಲಿಷ್ ಇಲ್ಲ, ಅರಬ್ಬಿ ಇಲ್ಲ, ಹೀಬ್ರೂ ಇಲ್ಲ, ಹಾಡೂ ಇಲ್ಲ. ತಾರಸಿಗೆ ಓಡಿದೆವು, ಒಂದು ಕರವಸ್ತ್ರವೂ ಇರಲಿಲ್ಲ. ಭಟ್ಟರು ಸ್ಕ್ರೂಡ್ರೈವರ್ ತಂದು ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದರು. ಕೈಯಲ್ಲಿ ಮೂರು ಸ್ಕ್ರೂ ಉಳಿದವು. ಉಳಿದ ದೇಶಗಳೆಲ್ಲ ಮೊದಲಿಗಿಂತ ಚೆನ್ನಾಗಿ ಕೇಳಿಸಿದವು. ಆಚೆ ಮಾತ್ರ ಬರೀ ಗಾಳಿ.

"ಲಂಡನ್ ರೇಡಿಯೊ ಎಂತ ಹೇಳ್ತದೆ?" ಭಟ್ಟರು ಕೇಳಿದರು.

"ಏನೂ ಹೇಳ್ತಾ ಇಲ್ಲ."

"ಹಾಗಾದರೆ ಅವರಿಗೂ ಗೊತ್ತಾಗಲಿಲ್ಲ! ನಾವೇ ಮೊದಲು, ಹಮೀದರೇ!"

'ಆಚೆಯ ರೇಡಿಯೊ ಸಂಪೂರ್ಣ ಸ್ತಬ್ಧ. ಕಾರಣ ತಿಳಿದುಬಂದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಹೊರಡಿಸಿದೆವು. ಬ್ಯಾಂಕು ತೆರೆದದ್ದೇ ತಡ, ಫೋನು ಬಾಯಿ ಮುಚ್ಚಲಿಲ್ಲ. ಒಬ್ಬ ಮ್ಯಾನೇಜರು ಚಿನ್ನ ಕೊಳ್ಳಲೇ ಎಂದು ಕೇಳಿದ. ಇನ್ನೊಬ್ಬ ಹೆಂಡತಿಯನ್ನು ಊರಿಗೆ ಕಳಿಸಲೇ ಎಂದ, ದನಿಯಲ್ಲಿ ಆಸೆಯೇ ಹೆಚ್ಚಿತ್ತು. ತಲೆ ಸಿಡಿದು ನಾನು ಸೂಕಿಗೆ, ಅಂದರೆ ಹಳೆ ಪೇಟೆಗೆ, ಓಡಿದೆ. ಅಲ್ಲಿ ಅಬೂ ದಾವೂದ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಬಹ್ರೈನಿನ ಕೆಲವೇ ಯಹೂದಿ ಕುಟುಂಬಗಳಲ್ಲಿ ಒಂದು ಅವರದು. ನಾನು ಲುಂಗಿ ಕೊಳ್ಳುವುದು ಅವರಲ್ಲೇ. ಏನಾದರೂ ಗೊತ್ತಿದ್ದರೆ ಅವರಿಗೇ ಎಂದು ಹೋದರೆ ಅಂಗಡಿಗೂ ಬೀಗ! ಪಕ್ಕದ ಹಲ್ವಾ ಅಂಗಡಿಯವನು ಕೈಯಲ್ಲಿದ್ದ ಸೌಟನ್ನೂ ಇಳಿಸದೆ, "ಇವತ್ತು ಅವರ ದೊಡ್ಡ ಉಪವಾಸ. ಪ್ರತಿ ವರ್ಷ ಮುಚ್ಚುತ್ತಾರೆ, ನಾಳೆ ಬಾ" ಎಂದ.

ಆ ಒಂದು ದಿನ ಅಲ್ಲಿ ರೇಡಿಯೊವೂ ಮಾತಾಡುವುದಿಲ್ಲವಂತೆ. ಎಪ್ಪತ್ತಮೂರರ ಯುದ್ಧ ಶುರುವಾದದ್ದೇ ಅಂಥ ದಿನ ಎಂಬುದು ಹಲ್ವಾದವನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಡೀ ಮನಾಮದಲ್ಲಿ ನಾವಿಬ್ಬರೇ.

"ಏಕಾದಶಿಗೆ ನಾವು ನೀರೂ ಮುಟ್ಟುವುದಿಲ್ಲ, ಸರಿ" ಎಂದರು ಭಟ್ಟರು, ತಲೆಯ ಮೇಲೆ ಕೈ ಹೊತ್ತು. "ರೇಡಿಯೊವನ್ನೂ ಉಪವಾಸ ಕೆಡವುವುದು ಉಂಟಾ?"

ಕುವೈತಿನಿಂದ ಮರಳಿದ ಉಸ್ತಾದರು ಹಾಳೆ ಓದಿ ಇನ್ನೊಂದು ಸಿಗರೇಟು ಹೊತ್ತಿಸಿದರು. ಆಮೇಲೆ, "ಯಾ ಹಮೀದ್, ಮೂವತ್ತು ವರ್ಷದಿಂದ ಅವರ ಬಾಯಿ ಮುಚ್ಚಿಸಲು ಇಡೀ ಅರಬ್ ಜಗತ್ತಿಗೆ ಆಗಲಿಲ್ಲ. ನೀನು ಒಂದೇ ಸಾಲಿನಲ್ಲಿ ಮುಚ್ಚಿಸಿದೆ" ಎಂದರು. ಕೆಲಸ ಉಳಿಯಿತು.

ಅಬೂ ದಾವೂದ್ ಮರುದಿನ ಅಂಗಡಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಅದು ಕ್ಷಮೆ ಕೇಳುವ ದಿನ ಎಂದು ವಿವರಿಸಿದರು. ದೇವರಿಗೆ ಮಾಡಿದ ತಪ್ಪನ್ನು ಮಾತ್ರ ದೇವರು ಮನ್ನಿಸುತ್ತಾನೆ, ನೆರೆಯವನಿಗೆ ಮಾಡಿದ ತಪ್ಪಿಗೆ ನೆರೆಯವನ ಬಾಗಿಲಿಗೇ ಹೋಗಬೇಕು ಎಂಬುದು ಅವರ ಹಿರಿಯರ ಮಾತು. ನನಗೆ ಇದು ಬಹಳ ಹಿಡಿಸಿತು. ಕಚೇರಿಗೆ ಬಂದು ಭಟ್ಟರಿಗೆ ಹೇಳಿದರೆ ಅವರು, "ಒಳ್ಳೆ ಮಾತು. ಹಾಗಾದರೆ ಬ್ಯಾಂಕಿನವರ ಬಾಗಿಲಿಗೆ ನೀವೇ ಹೋಗಿ" ಎಂದುಬಿಟ್ಟರು.

ಯುದ್ಧದ ಸುದ್ದಿ ಬಂದಾಗಲೆಲ್ಲ ಸೂಕಿನ ಜನ ಅಬೂ ದಾವೂದರ ಮುಂದೆ ನಿಂತು, 'ನಿಮ್ಮವರು ಏನು ಮಾಡುತ್ತಾರಂತೆ?' ಎಂದು ಕೇಳುವರು, ಅವರು ಆಚೆಯ ರಕ್ಷಣಾ ಸಚಿವರೋ ಎಂಬಂತೆ. "ನನ್ನ ಅಜ್ಜ ಬಸ್ರಾದಿಂದ ಬಂದು ಇಲ್ಲಿ ಬಟ್ಟೆ ಮಾರಿದ. ನಾನೂ ಬಟ್ಟೆ ಮಾರುತ್ತೇನೆ. ನನಗೆ ಗೊತ್ತಿರುವ ಗಡಿ ಸೀರೆಯ ಅಂಚೊಂದೇ" ಎನ್ನುತ್ತಿದ್ದರು. ನನಗೆ ಅವರ ಸಂಕಟ ಚೆನ್ನಾಗಿ ಅರ್ಥವಾಗುತ್ತಿತ್ತು. ಪಾಕಿಸ್ತಾನ ಕ್ರಿಕೆಟ್ ಗೆದ್ದ ದಿನ ಊರಿನಲ್ಲಿ ನನ್ನನ್ನೂ ಹೀಗೇ ಕೇಳಿದವರುಂಟು. ಆಗ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ವರ್ಷಗಳು ಕಳೆದಂತೆ ನನಗೆ ಆಚೆಯ ರಾಜಕೀಯದ ಚಟ ಹತ್ತಿತು. ವಿಧಾನಸೌಧದಲ್ಲಿ ಯಾರಿದ್ದಾರೆ ಎಂದು ತಿಳಿಯದಿದ್ದರೂ ಜೆರುಸಲೇಮಿನ ಯಾವ ಪಕ್ಷ ಯಾರ ಕಾಲು ಎಳೆಯುತ್ತಿದೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಶನಿವಾರ ವಿಮಾನ ಹಾರಬಹುದೇ ಎಂಬುದಕ್ಕೆ ಸರಕಾರ ಬೀಳುವಷ್ಟು ಜಗಳ. ಜೀವ ಉಳಿಸಲು ಶನಿವಾರದ ವಿಶ್ರಾಂತಿಯಾದ ಸಬ್ಬತ್ತಿನ ನಿಯಮ ಮುರಿಯಲೇಬೇಕು ಎಂದು ಅವರ ಧರ್ಮಗುರು ರಬ್ಬಿಗಳೇ ಹೇಳುತ್ತಾರೆ, ಆದರೆ ಯಾವುದು ಜೀವ ಉಳಿಸುವುದು ಎಂಬುದಕ್ಕೆ ಮತ್ತೆ ಜಗಳ. ಚರ್ಚೆಯಲ್ಲಿ ಒಬ್ಬನಿಗೂ ವಾಕ್ಯ ಮುಗಿಸಲು ಬಿಡುತ್ತಿರಲಿಲ್ಲ. ನಮ್ಮ ಜಮಾಅತಿನ ವಾರ್ಷಿಕ ಸಭೆಯೇ ಕೇಳಿದಂತಾಗಿ ನನಗೆ ಊರು ನೆನಪಾಗುತ್ತಿತ್ತು. ಅಬೂ ದಾವೂದರನ್ನು ಕೇಳಿದರೆ, "ನಮ್ಮ ಹಳೆಯ ಗ್ರಂಥಗಳಲ್ಲಿ ವಾದದಲ್ಲಿ ಸೋತವನ ಮಾತನ್ನೂ ಬರೆದಿಡುತ್ತಾರೆ. ಮುಂದೆ ಯಾವತ್ತಾದರೂ ಅದೇ ಬೇಕಾಗಬಹುದು ಅಂತ" ಎಂದರು.

ಈ ಜಗಳಗಳನ್ನೆಲ್ಲ ನಾನು ಹಾಳೆಗೆ ಬರೆದರೆ ಉಸ್ತಾದರ ನೀಲಿ ಪೆನ್ಸಿಲು ಇಳಿಯುತ್ತಿತ್ತು.

"ಇಷ್ಟೆಲ್ಲ ಜಗಳ ಬೇಡ. ಶತ್ರು ಒಗ್ಗಟ್ಟಾಗಿರಬೇಕು."

"ಆದರೆ ಅವರು ನಿಜವಾಗಿ ಜಗಳ ಆಡ್ತಿದ್ದಾರೆ, ಉಸ್ತಾದ್."

"ಹೀಗೆ ಕಚ್ಚಾಡುವವರ ಕೈಯಲ್ಲಿ ನಾವು ಸೋತೆವು ಅಂತ ನನ್ನ ಬಾಯಿಂದಲೇ ಹೇಳಿಸುತ್ತೀಯಾ?"

ವಾರಕ್ಕೊಮ್ಮೆ ಮಧ್ಯಾಹ್ನ ಉಸ್ತಾದರು ನನ್ನನ್ನೂ ಭಟ್ಟರನ್ನೂ ಏನಾದರೂ ನೆಪ ಹೂಡಿ ಹೊರಗೆ ಅಟ್ಟುತ್ತಿದ್ದರು. ಒಮ್ಮೆ ಬಿಸಿಲಿಗೆಂದು ಇಟ್ಟಿದ್ದ ಕೊಡೆ ಮರೆತು ಹಿಂದೆ ಬಂದೆ. ಅವರು ಯಂತ್ರಕ್ಕೆ ಕಿವಿ ಅಂಟಿಸಿ ಕುಳಿತಿದ್ದರು. "ಯಂತ್ರ ಪರೀಕ್ಷೆ" ಎಂದರು, ನಾನು ಕೇಳದೆಯೇ.

ಅದು ಆಚೆಯ ಅರಬ್ಬಿ ರೇಡಿಯೊದ ಸಲಾಮು ಕಾರ್ಯಕ್ರಮ. ಅಲ್ಲಿ ಉಳಿದ ಅರಬರು ಗಡಿಯ ಈಚೆ ಚದುರಿದ ತಮ್ಮವರಿಗೆ ಮೈಕಿನ ಮುಂದೆ ನಾಲ್ಕು ಮಾತು ಹೇಳುವುದು. ನಮ್ಮಲ್ಲಿ ಹಾಡು ಕೇಳಲು ಹೆಸರು ಕಳಿಸುತ್ತಿದ್ದೆವಲ್ಲ, ಹಾಗೆ ಇದು, ಹಾಡಿಲ್ಲದೆ. 'ನಾನು ನಜರತಿನ ಇಂಥವಳು, ಅಮ್ಮಾನಿನಲ್ಲಿರುವ ತಮ್ಮನಿಗೆ. ನಾವು ಚೆನ್ನಾಗಿದ್ದೇವೆ. ಸಲ್ಮಾಗೆ ಮದುವೆಯಾಯಿತು. ತಮ್ಮಿನೂನಾ.' ಕೊನೆಯ ಪದ ಎಲ್ಲರೂ ಹೇಳುವರು. ನಿಮ್ಮ ಬಗ್ಗೆ ನಮಗೆ ಸಮಾಧಾನ ಕೊಡಿ ಎಂದು ಅದರ ಅರ್ಥ. ಉಳ್ಳಾಲದಲ್ಲಿ ನನ್ನ ಉಮ್ಮ ಪಕ್ಕದ ಮನೆಯ ಟೀಚರಿಂದ ಬರೆಸುತ್ತಿದ್ದ ಪತ್ರವೂ ಹೀಗೇ: 'ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.' ನಾನು ಬರೆಯಬಹುದಿತ್ತು. ಇವರು ಕೇಳಬಹುದಿತ್ತೇ ಹೊರತು ಉತ್ತರ ಕೊಡುವ ಹಾಗಿರಲಿಲ್ಲ. ಆಗಲೇ ಉಸ್ತಾದರು ತಾಯಿಯ ಕತೆ ಹೇಳಿದ್ದು. ತಾಯಿ ಬರುವುದು ವರ್ಷಕ್ಕೊಮ್ಮೆ, ರಂಜಾನಿನ ಈದಿಗೆ. ಮಗನ ಹೆಸರು ಹೇಳುವುದಿಲ್ಲ. ಆ ರೇಡಿಯೊದಲ್ಲಿ ಹೆಸರು ಬಂದರೆ ಇಲ್ಲಿ ವೀಸಾಕ್ಕೆ ಕಷ್ಟ. 'ಮೊಟ್ಟೆಗೆ ಸಕ್ಕರೆ ಹಾಕಿ ತಿನ್ನುವವನಿಗೆ' ಎನ್ನುವರಂತೆ. ನನಗೆ ನಗು ಬಂತು, ಕಣ್ಣೂ ತುಂಬಿತು.

ಎಂಬತ್ತೆರಡರಲ್ಲಿ ಆಚೆಯ ಸೈನ್ಯ ಲೆಬನಾನಿಗೆ ನುಗ್ಗಿತು. ಆ ವರ್ಷದ ಈದಿಗೆ ತಾಯಿಯ ದನಿ ಬರಲಿಲ್ಲ. ಹಿಂದಿನ ಸಲ ಕಣ್ಣಿನ ಆಪರೇಷನ್ ಎಂದಿದ್ದರು. ಬದುಕಿದ್ದಾರೋ ಇಲ್ಲವೋ ಎಂದು ಕೇಳಲು ದಾರಿಯಿಲ್ಲ. ಉಸ್ತಾದರ ಸಿಗರೇಟು ಎರಡು ಪಟ್ಟಾಯಿತು.

ಆಚೆಯ ಸೈನ್ಯ ಸುತ್ತುವರಿದಿದ್ದ ಬೇರೂತಿನ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಕೊಲೆಗಳ ಸುದ್ದಿ ಬಂದ ವಾರ ನಮ್ಮ ಕಚೇರಿಯಲ್ಲಿ ಯಾರೂ ನಗಲಿಲ್ಲ. ಆಮೇಲೊಂದು ದಿನ, ಟೆಲ್ ಅವೀವಿನ ಚೌಕದಲ್ಲಿ ಅವರದೇ ಜನ ಲಕ್ಷಗಟ್ಟಲೆ ಸೇರಿ, ತಮ್ಮದೇ ಸರಕಾರದ ಮೇಲೆ ವಿಚಾರಣೆ ಆಗಲಿ ಎಂದು ಕೂಗಿದರು ಎಂದು ಬರೆದುಕೊಂಡೆ. ಉಸ್ತಾದರು, "ಸರಿಯಾಗಿ ಕೇಳಿದೆಯಾ? ಬೆಡ್‌ಶೀಟ್ ಇರಲಿಲ್ಲವಾ?" ಎಂದು ಮತ್ತೆ ಮತ್ತೆ ಕೇಳಿದರು. ಕೊನೆಗೆ ಹಾಕಲು ಬಿಟ್ಟರು. ಆದರೆ ಮರುವರ್ಷ, ಯುದ್ಧದಲ್ಲಿರುವ ಸೈನಿಕರ ತಂದೆತಾಯಿಗಳು ಮಕ್ಕಳನ್ನು ಮನೆಗೆ ಕರೆಸಿ ಎಂದು ಬೀದಿಗಿಳಿದ ಸುದ್ದಿಗೆ ನೀಲಿ ಪೆನ್ಸಿಲು ಅಡ್ಡ ಬಿತ್ತು.

"ಅವರು ಅಳುವುದು ಅವರ ಮಕ್ಕಳಿಗೆ. ಆ ತಾಯಂದಿರಿಗೆ ಬೇರೆ ಪತ್ರಿಕೆಗಳುಂಟು" ಎಂದರು.

ನಾನು ವಾದಿಸಲಿಲ್ಲ. ಅವರ ತಾಯಿಯ ಸುದ್ದಿಯಿಲ್ಲದೆ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು.

ಅಷ್ಟರಲ್ಲಿ ಕಚೇರಿ ಡಿಪ್ಲೊಮ್ಯಾಟಿಕ್ ಏರಿಯಾದ ಹೊಸ ಕಟ್ಟಡಕ್ಕೆ ಹೋಯಿತು. ಗಾಜಿನ ಗೋಡೆ, ತೆರೆಯಲಾಗದ ಕಿಟಕಿ, ಮೂಲೆಯಲ್ಲಿ ತಾನಾಗಿ ಸುದ್ದಿ ಕಕ್ಕುವ ಟೆಲಿಪ್ರಿಂಟರ್. ತಾರಸಿಯಲ್ಲಿ ತಂತಿ ಎಳೆದರೆ ಕಟ್ಟಡದ ಅಂದ ಕೆಡುತ್ತದಂತೆ. ರೇಡಿಯೊ ಯಂತ್ರ ಕಪಾಟು ಸೇರಿತು. ಅದನ್ನು ಒಳಗಿಡುವಾಗ ಉಸ್ತಾದರು ಬೇರೆ ಕಡೆ ನೋಡುತ್ತಿದ್ದರು. ಈದು ಹತ್ತಿರ ಬಂದಿತ್ತು.

ಮನಾಮದ ಹೊರಗೆ ಸನದ್ ಎಂಬಲ್ಲಿ ನನ್ನ ಬಾಡಿಗೆ ಮನೆಗೆ ಒಂದು ತಾರಸಿ ಇತ್ತು. ಯಂತ್ರವನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದೆ. ಉಸ್ತಾದರಿಗೆ, "ಜಮೀಲಾ ಈದಿಗೆ ಪತ್ತಿರಿ, ಕೋಳಿ ಸಾರು ಮಾಡಿದ್ದಾಳೆ, ಊಟಕ್ಕೆ ಬನ್ನಿ" ಎಂದಷ್ಟೇ ಹೇಳಿದೆ. ಭಟ್ಟರು ತಮ್ಮ ಪಾಲಿಗೆ ಬಾಳೆಹಣ್ಣು ಹಿಡಿದುಕೊಂಡು ಬಂದು ಟ್ಯಾಂಕಿಗೆ ತಂತಿ ಕಟ್ಟಿದರು. ಜುಲೈ ತಿಂಗಳ ಸನದಿನ ಬಿಸಿಲು. ಒಂದು ಕೊಡೆ, ಕೆಳಗೆ ಮೂರು ತಲೆ, ನಡುವೆ ಯಂತ್ರ. ಜಮೀಲಾ ಮೆಟ್ಟಿಲಿನಿಂದ ಇಣುಕಿ, "ಊಟಕ್ಕೆ ಕರೆದವರನ್ನು ಹುರಿಯುವುದು ಯಾವ ಊರಿನ ಕ್ರಮ?" ಎಂದು ಕೇಳಿದಳು.

ಒಂದೊಂದೇ ದನಿ ಬಂತು. ಅಕ್ಕಾ ಪಟ್ಟಣದಿಂದ ಒಬ್ಬಳು, ನಜರತಿನಿಂದ ಒಬ್ಬ ಮುದುಕ. ಎಲ್ಲರೂ ಚೆನ್ನಾಗಿದ್ದರು, ಎಲ್ಲರೂ ಸಮಾಧಾನ ಕೇಳಿದರು. ಉಸ್ತಾದರ ಬೆರಳಲ್ಲಿ ಸಿಗರೇಟು ಬೂದಿಯಾಗುತ್ತಿತ್ತು. ಕಾರ್ಯಕ್ರಮ ಮುಗಿಯುತ್ತ ಬಂತು. ಆಗ ಒಣಗಿದ, ಗಟ್ಟಿ ದನಿಯೊಂದು ಯಾವ ಪೀಠಿಕೆಯೂ ಇಲ್ಲದೆ ಶುರುಮಾಡಿತು.

"ಮೊಟ್ಟೆಗೆ ಸಕ್ಕರೆ ಹಾಕಿ ತಿನ್ನುವವನಿಗೆ. ಒಂದು ಕಣ್ಣು ಹೋಯಿತು. ಇನ್ನೊಂದು ಸಾಕು, ನೋಡಲು ನೀನೇನು ಇಲ್ಲಿದ್ದೀಯಾ? ಹೋದ ಈದಿಗೆ ಆಸ್ಪತ್ರೆಯಲ್ಲಿದ್ದೆ, ಹೆದರಬೇಡ. ನಿನ್ನ ಅಪ್ಪ ಸಿಗರೇಟು ಸೇದಿ ಸೇದಿ ಹೋದ. ನೀನೂ ಸೇದುತ್ತೀ, ನನಗೆ ಗೊತ್ತು. ಈಗಲೂ ಕೈಯಲ್ಲಿದೆ. ಬಿಸಾಡು. ತಮ್ಮಿನೂನಾ."

ಉಸ್ತಾದರು ಬೆಚ್ಚಿಬಿದ್ದು ಸಿಗರೇಟನ್ನು ಕೆಳಗೆ ಹಾಕಿ ಚಪ್ಪಲಿಯಿಂದ ಒರೆಸಿದರು, ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ಕೊಡೆ ಹಿಡಿದಿದ್ದ ಭಟ್ಟರೂ ಅಳುತ್ತಿದ್ದರು, ಅವರಿಗೆ ಅರಬ್ಬಿಯ ಒಂದು ಪದವೂ ಬರುತ್ತಿರಲಿಲ್ಲ.

ಮರುದಿನ ಕಚೇರಿಗೆ ಉಸ್ತಾದರು ಎಲ್ಲರಿಗಿಂತ ಮೊದಲು ಬಂದಿದ್ದರು. ತಾವೇ ಹೊಡೆದುಹಾಕಿದ್ದ, ಸೈನಿಕರ ತಂದೆತಾಯಿಗಳ ಸುದ್ದಿಯನ್ನು ಹಳೆ ಕಾಗದದ ಕಟ್ಟಿನಿಂದ ಹುಡುಕಿ ತೆಗೆದು ಭಟ್ಟರ ಮುಂದಿಟ್ಟು, "ಇದು ಮೊದಲು ಬರಲಿ" ಎಂದರು. ಭಟ್ಟರು ಅಭ್ಯಾಸಬಲದಿಂದ 'ಆಚೆಯ ತಾಯಂದಿರು' ಎಂದು ಟೈಪ್ ಮಾಡಿದರು. ನೀಲಿ ಪೆನ್ಸಿಲು 'ಆಚೆಯ' ಎಂಬುದನ್ನಷ್ಟೇ ಹೊಡೆದುಹಾಕಿತು. ಒಂದು ಬ್ಯಾಂಕಿನಿಂದ ಫೋನ್ ಬಂತು, ಯಾವ ಕಡೆಯ ತಾಯಂದಿರು ಎಂದು ಬರೆದಿಲ್ಲವಲ್ಲ, ಮುದ್ರಣದೋಷವೇ ಎಂದು. ಉಸ್ತಾದರು, "ಅಲ್ಲ, ಸರಿಯಾಗಿಯೇ ಇದೆ" ಎಂದು ಇಟ್ಟರು.

ಆಮೇಲೆ ಕೈ ತಾನಾಗಿ ಜೇಬಿಗೆ ಹೋಗಿ ಸಿಗರೇಟು ತುಟಿಗೇರಿತು. ಕಡ್ಡಿ ಗೀರಿದವರು, ನಾನು ಸನದಿನಿಂದ ವಾಪಸು ತಂದು ಮೂಲೆಯಲ್ಲಿ ಇಟ್ಟಿದ್ದ ರೇಡಿಯೊವನ್ನು ಓರೆಗಣ್ಣಿನಿಂದ ನೋಡಿ ನಿಂತುಬಿಟ್ಟರು.

"ಉಸ್ತಾದ್, ಅದು ಆಫ್ ಉಂಟು. ತಂತಿಯೂ ಇಲ್ಲ" ಎಂದೆ.

"ನಿನಗೆ ನನ್ನ ತಾಯಿ ಗೊತ್ತಿಲ್ಲ" ಎಂದು ಅವರು ಕಡ್ಡಿ ಆರಿಸಿದರು.